ಮಗ್ಗದ ಕುಣಿ ಮುಚ್ಚುವ ವಿಚಾರ

ಜನವರಿ 17, ಶುಕ್ರವಾರ

ಟೈಲ್ಸ್ ಬಂತು. ಧರ್ಮಪುರದಿಂದ ಲಗೇಜ್ ಆಟೋದಲ್ಲಿ ತಂದವನು ಬೇವಿನ ಮರದ ಕೆಳಗೆ ಇಳಿಸಿ ಹೋದ. ಒಂದು ಡಬ್ಬ ಬಿಚ್ಚಿ ನೋಡಿದೆ. ಕೆನೆ ಬಣ್ಣ, ಅಂಚಿಗೆ ಸಣ್ಣ ಕಂದು ಬಳ್ಳಿ. ಒಂದನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡೆ, ತಣ್ಣಗಿತ್ತು. ಯಾರೂ ನೋಡಲಿಲ್ಲ ಅಂದುಕೊಂಡಿದ್ದೇನೆ.

ಈ ಡೈರಿ ವಿಮೆ ಏಜೆಂಟ್ ಕೊಟ್ಟದ್ದು. ಪ್ರತಿವರ್ಷ ಕೊಡುತ್ತಾನೆ, ಪ್ರತಿವರ್ಷ ಹಾಲಿನವನ ಲೆಕ್ಕಕ್ಕೆ ಹೋಗುತ್ತದೆ. ಈ ಸಲ ನಾನೇ ಇಟ್ಟುಕೊಂಡೆ. ಮಹಿಳಾ ಸಂಘದ ನಡಾವಳಿ ಬರೆದು ಬರೆದು ನನ್ನ ಕೈ ಪಳಗಿದೆ, ಆದರೆ ಅಲ್ಲಿ ಮನಸ್ಸಿಗೆ ಬಂದದ್ದು ಬರೆಯುವಂತಿಲ್ಲ. ಮನೆಯಲ್ಲಿ ಹೇಳೋಣವೆಂದರೆ ಕೇಳಬೇಕಾದವರು ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ.

ಬೀಗಕ್ಕೆ ಕಾರಣ ಮಂಡಿ. ಸಂಕ್ರಾಂತಿಗೆ ಮುಂಚೆ ನಮ್ಮನೆಯವರು ಮಗ್ಗದ ಕುಣಿಯಿಂದ ಮೇಲೇಳುವಾಗ ಬಲ ಮಂಡಿ ಹೊರಳಿತು. ಚಿತ್ರದುರ್ಗದ ಡಾಕ್ಟರು ಪಟ್ಟಿ ಕಟ್ಟಿ, ಯುಗಾದಿವರೆಗೆ ಆ ಕಾಲಿಗೆ ಕೆಲಸ ಕೊಡಬೇಡಿ, ಆಮೇಲೂ ಮಗ್ಗ ತುಳಿಯುವುದನ್ನು ಮರೆತರೆ ಒಳ್ಳೆಯದು ಅಂದರು. ಅವರಿಗೆ ನೋವಾಯಿತು, ನನಗೂ ಆಯಿತು. ಆದರೆ ಇಲ್ಲಿ ಸುಳ್ಳೇಕೆ ಬರೆಯಲಿ, ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಟೈಲ್ಸ್.

ನಾನು ಮದುವೆಯಾಗಿ ಬಂದಾಗಿನಿಂದ ಈ ಮನೆಯ ನಡುಮನೆಯಲ್ಲಿ ಆ ಕುಣಿ ಇದೆ. ಸೊಂಟದಷ್ಟು ಆಳ. ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂತು ಹಲಗೆ ತುಳಿಯಬೇಕು, ಮಗ್ಗ ಎದುರಿಗೆ ನೆಲದುದ್ದಕ್ಕೂ ಚಾಚಿಕೊಂಡಿರುತ್ತದೆ. ಬೀಗರು ಬಂದರೆ ಗೋಡೆಗೆ ಬೆನ್ನು ಹಚ್ಚಿಕೊಂಡು ಅಡುಗೆಮನೆ ಸೇರಬೇಕು. ಸಾರಿನಲ್ಲಿ ಉಣ್ಣೆ, ಹಾಸಿಗೆಯಲ್ಲಿ ಉಣ್ಣೆ, ದೇವರ ದೀಪದಲ್ಲೂ ಉಣ್ಣೆ. ಮಗಳು ಮೀನಾಕ್ಷಿ ಅಂಬೆಗಾಲಿಡುವಾಗ ಎರಡು ಸಲ ಅದರೊಳಗೆ ಬಿದ್ದಿದ್ದಳು. ಈಗ ಅವಳು ಹೊಳಲ್ಕೆರೆಯಲ್ಲಿ ಗಂಡನ ಮನೆಯ ನುಣುಪು ನೆಲದ ಮೇಲೆ ಓಡಾಡುತ್ತಾಳೆ. ಟೈಲ್ಸ್ ಕೊಡಿಸಿದ್ದೂ ಅವಳೇ.

"ಏನ್ರೀ, ಯುಗಾದಿಗೆ ಮುಂಚೆ ಕುಣಿ ಮುಚ್ಚಿ ನೆಲ ಹಾಕ್ಸಾಣ" ಅಂದೆ.

"ಹಾಕ್ಸು" ಅಂದು ಗೋಡೆ ಕಡೆಗೆ ಹೊರಳಿ ಮಲಗಿದರು. ಒಪ್ಪಿದ ಹಾಗೆಯೇ ಅಲ್ಲವೇ? ಗಾರೆ ಮೇಸ್ತ್ರಿ ಹನುಮಂತಪ್ಪನಿಗೆ ಫೋನ್ ಮಾಡಿದೆ. ನಾಳೆ ಬೆಳಗ್ಗೆಯೇ ಬರುತ್ತಾನಂತೆ.

ಜನವರಿ 19, ಭಾನುವಾರ

ಹನುಮಂತಪ್ಪ ಬರಲಿಲ್ಲ. ಫೋನ್ ಮಾಡಿದರೆ "ದಾರ್‍ಯಾಗಿದೀನಿ ಅಕ್ಕ" ಅನ್ನುತ್ತಾನೆ. ಅದು ಯಾವ ಊರಿನ ದಾರಿಯೋ.

ಅವನ ಬದಲು ಎತ್ತಪ್ಪ ಬಂದ. ಆಚೆ ಹಟ್ಟಿಯ ಕುರಿಗಾರ, ನಮಗೆ ವರ್ಷಕ್ಕೆರಡು ಸಲ ಉಣ್ಣೆ ಕೊಡುವವನು. ಮಗಳು ಲತಾಳ ಮದುವೆ ಮಾರ್ಚ್ ಮೊದಲ ವಾರ. ಅದಕ್ಕೆಂದೇ ತನ್ನ ಮಂದೆಯ ಅಪ್ಪಟ ಕರಿ ಕುರಿಗಳ ಉಣ್ಣೆ ಬೇರೆ ಮಾಡಿ ಕೊಟ್ಟಿದ್ದ. ಆ ಕಂಬಳಿ ಅರ್ಧ ನೇಯ್ದು ಮಗ್ಗದ ಮೇಲೆಯೇ ಕೂತಿದೆ.

"ಮಾರಣ್ಣ, ಮಂಡಿ ಎಂಗೈತೆ?" ಅಂದ. ಕಣ್ಣು ಮಾತ್ರ ಮಗ್ಗದ ಮೇಲೆ.

ಅವನ ಸಂಕಟ ನನಗೆ ಗೊತ್ತು. ಮದುವೆಯಲ್ಲಿ ಕರಿ ಕಂಬಳಿ ಹಾಸಿ, ಅದರ ಮೇಲೆ ಅಕ್ಕಿ ಸುರಿದು ಕಳಸ ಇಟ್ಟರೇ ಗದ್ದಿಗೆ. ಅದು ಕೈಮಗ್ಗದ್ದೇ ಆಗಬೇಕು. ಅರ್ಧಕ್ಕೆ ಕೊಯ್ದು ಇನ್ನೊಂದು ಮಗ್ಗಕ್ಕೆ ಹಚ್ಚಿದ್ದೂ ನಡೆಯುವುದಿಲ್ಲ. ಎಲ್ಲಿ ಶುರುವಾಯಿತೋ ಅಲ್ಲಿಯೇ ಮುಗಿಯಬೇಕು.

"ಹೊದ್ಕಳಾಕಾದ್ರೆ ಹಿರಿಯೂರು ಸಂತೆಯಾಗೆ ಒಂದು ತಗಂಡು ಬರ್ತಿದ್ದೆ ಅಕ್ಕ. ಇದು ನನ್ ಮಗಳ ಗದ್ದಿಗೆ" ಅಂದ. ನನಗೆ ಕರುಳು ಚುರ್ ಅಂದಿತು.

"ಆಗ್ತೈತೆ ಹೋಗಣ್ಣ. ಯಾರನ್ನಾದ್ರೂ ಕರ್ಸಿ ಮುಗಿಸ್ಕೊಡ್ತೀನಿ" ಅಂದುಬಿಟ್ಟೆ. ಈ ಒಂದು ಕಂಬಳಿ ಮುಗಿಯಲಿ, ಆಮೇಲೆ ಕುಣಿ ಮುಚ್ಚುವುದೇ.

ಜನವರಿ 22, ಬುಧವಾರ

ಹೊಸದುರ್ಗದ ಕಡೆಯಿಂದ ಮುರುಗಪ್ಪ ಅನ್ನುವ ನೇಕಾರನನ್ನು ಕರೆಸಿದೆ. ಮುದ್ದೆ ಉಂಡ, ಎಲೆ ಅಡಿಕೆ ಹಾಕಿಕೊಂಡ, ಕುಣಿಗೆ ಇಳಿದ. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಮೇಲೆದ್ದು ಚಪ್ಪಲಿ ಮೆಟ್ಟುತ್ತಿದ್ದ.

"ಈ ಮಗ್ಗದ್ದು ಎಲ್ಲಾ ತಿರುಗಾಮುರುಗಾ ಐತೆ. ಬಿಚ್ಚಿ ಬ್ಯಾರೆ ಥರ ಕಟ್ಟಾಣ ಅಂದ್ರೆ ಯಜಮಾನ್ರು ಬಿಡವಲ್ರು" ಅಂದ.

"ನನ್ ಮಗ್ಗ ಯಾವನೂ ಬಿಚ್ಚಂಗಿಲ್ಲ" ಅಂದರು ಇವರು, ಮಂಚದ ಮೇಲಿಂದ.

ಮಂಡಿ ಮುರಿದರೂ ಜಂಬ ಮುರಿದಿಲ್ಲ. ಮುರುಗಪ್ಪನದೂ ನೆಪವೇ ಇರಬೇಕು. ನಾನು ಇಬ್ಬರಿಗೂ ಬೈದೆ. ಹನುಮಂತಪ್ಪ ಇವತ್ತೂ ಬರಲಿಲ್ಲ, ಅವನಿಗೂ ಬೈದೆ.

ಜನವರಿ 25, ಶನಿವಾರ

ಮಗ್ಗ ನಿಂತರೆ ಮನೆ ತಣ್ಣಗಿರುತ್ತದೆ ಅಂದುಕೊಂಡಿದ್ದೆ. ಸಂತೆಯಾಗಿದೆ.

ಬೆಳಗ್ಗೆ ಹಿಂದಿನ ಮನೆಯ ದ್ಯಾಮಮ್ಮಜ್ಜಿ ಬಂದಳು. ರಾಟೆಯಲ್ಲಿ ನಮಗೆ ನೂಲು ತೆಗೆದುಕೊಡುವವಳು. ಸೆರಗಿನಲ್ಲಿ ನೂಲಿನ ಉಂಡೆ ಕಟ್ಟಿಕೊಂಡು ಬಂದು ಹೊಸಿಲ ಮೇಲೆ ಕೂತಳು.

"ಇನ್ಮ್ಯಾಲೆ ನೂಲು ತಗಳಲ್ವೇನವ್ವ?"

"ಮಗ್ಗಾನೇ ನಿಲ್ತೈತಲ್ಲ ಅಜ್ಜಿ."

"ನಿಮ್ ಮಗ್ಗ ನಿಂತ್ರೆ ನನ್ ರಾಟೆ ಏನ್ ಮಾಡ್ಲಿ, ಅದ್ರ ಮುಂದೆ ಕುಂತು ಭಜನೆ ಮಾಡ್ಲಾ?"

ನಗಿಸುತ್ತಾಳೆ, ಆದರೆ ಕಣ್ಣು ನಗುತ್ತಿರಲಿಲ್ಲ. ಶೇಂಗಾ ಕೀಳುವ ಕೂಲಿ ಮುಗಿದ ಮೇಲೆ ಮುಂಗಾರಿನವರೆಗೆ ನಮ್ಮ ಬೀದಿಯ ಹೆಂಗಸರ ಕೈಗೆ ರಾಟೆ ಬಿಟ್ಟರೆ ಬೇರೇನಿದೆ? ಅಜ್ಜಿ ತನ್ನ ಬಿ.ಪಿ. ಮಾತ್ರೆಗೆ ಮಗನ ಮುಂದೆ ಕೈ ಒಡ್ಡದೆ ಇರುವುದು ಆ ನೂಲಿನಿಂದ. ಮಧ್ಯಾಹ್ನ ಎದುರುಮನೆ ಕಾಟಮ್ಮ ಬಂದಳು. ಹುಣಸೆಹಣ್ಣು ಬಿಡಿಸಿ ಬೀಜ ಗುಡ್ಡೆ ಹಾಕಿದ್ದಾಳೆ. ನೂಲಿಗೆ ಬಳಿಯುವ ಗಂಜಿಗೆ ನಾವು ಕೊಳ್ಳದಿದ್ದರೆ ಆ ಬೀಜ ಒಲೆಗೆ ಹೋಗಬೇಕು.

ಸಂಜೆಗೆ ಸಹಕಾರ ಸಂಘದ ಕಾರ್ಯದರ್ಶಿ ಗಿರೀಶ್ ಬೈಕಿನಲ್ಲಿ ಬಂದ. ಹುಡುಗ ಒಳ್ಳೆಯವನು, ಮಾತು ಜಾಸ್ತಿ.

"ಅಕ್ಕ, ಮೊದ್ಲೆಲ್ಲ ಕಂಬಳಿ ಹೊತ್ಕಂಡು ನಾವೇ ಅಂಗಡಿ ಅಂಗಡಿ ತಿರುಗ್ತಿದ್ವಿ. ಈಗ ಅವ್ರೇ ಫೋನ್ ಮಾಡ್ತಾರೆ. ಕೂರೋ ಆಸನ ಬೇಕಂತೆ, ಚೀಲ ಬೇಕಂತೆ, ಗೋಡೆಗೆ ತೂಗು ಹಾಕಾಕೆ ಬೇಕಂತೆ. ಕೇಳೋರು ಅವ್ರೆ, ನೇಯೋರಿಲ್ಲ. ಇಂಥ ಟೈಮಲ್ಲಿ ನೀವು ಕುಣಿ ಮುಚ್ತೀನಿ ಅಂತೀರಲ್ಲ!"

"ನೀನೇ ಬಂದು ನೇಯಪ್ಪ" ಅಂದೆ. ಟೀ ಕುಡಿದು ಹೋದ. ಇವರು ಎಲ್ಲವನ್ನೂ ಕೇಳಿಸಿಕೊಂಡು ಕಣ್ಣು ಮುಚ್ಚಿದ್ದರು. ನಿದ್ದೆ ಮಾಡುವವರ ಕಾಲ್ಬೆರಳು ಹಾಗೆ ಹಲಗೆ ತುಳಿದಂತೆ ಆಡುವುದಿಲ್ಲ. ನೋಡಿ ಯಾಕೋ ಅಳು ಬಂತು, ಒಳಗೆ ಹೋಗಿ ಈರುಳ್ಳಿ ಹೆಚ್ಚಿದೆ.

ಜನವರಿ 27, ಸೋಮವಾರ

ಕುಣಿಯ ಕಸ ಗುಡಿಸೋಣವೆಂದು ಇಳಿದೆ. ಇಳಿದ ಮೇಲೆ ಕೂತೆ. ಕೂತ ಮೇಲೆ ಕಾಲು ಹಲಗೆಗೆ ತಾಗಿತು.

ನಮ್ಮ ಕಡೆ ಹೆಂಗಸರು ನೂಲುತ್ತೇವೆ, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತೇವೆ, ಮಗ್ಗಕ್ಕೆ ಉದ್ದೆಳೆಯ ಹಾಸು ಹಾಕುವಾಗ ಓಡಾಡುತ್ತೇವೆ. ಕುಣಿಗೆ ಮಾತ್ರ ಇಳಿಯುವ ವಾಡಿಕೆಯಿಲ್ಲ. ಯಾರೂ ಬೇಡ ಅಂದದ್ದು ಕೇಳಿಲ್ಲ, ಯಾರೂ ಇಳಿದದ್ದೂ ನೋಡಿಲ್ಲ.

"ಏನ್ ಮಾಡ್ತಿದೀಯ?" ಅಂದರು.

"ಕಸ ಗುಡಿಸ್ತಿದೀನಿ."

"ಕೂತ್ಕಂಡಾ?"

ಮೇಲೆ ತೂಗುತ್ತಿದ್ದ ಹಗ್ಗ ಎಳೆದೆ. ಲಾಳಿ ಅರ್ಧ ದಾರಿ ಓಡಿ ನೂಲಿನ ನಡುವೆ ಸಿಕ್ಕಿಕೊಂಡಿತು. ಮತ್ತೆ ಎಳೆದೆ, ಹಾರಿ ನೇರವಾಗಿ ಮಂಚದ ಕೆಳಗೆ ಹೋಗಿ ಬಿತ್ತು. ಬೈಯುತ್ತಾರೆ ಅಂದುಕೊಂಡೆ. ಅಷ್ಟು ದಿನದ ಮೇಲೆ ಮೊದಲ ಸಲ ಗೋಡೆ ಬಿಟ್ಟು ಈ ಕಡೆ ಹೊರಳಿದರು.

"ಹಗ್ಗ ಎಡಗೈಯಾಗೆ ಹಿಡ್ಕ. ಬಲಗೈಯಾಗೆ ಹಣಿಗೆ ಬಡಿದು ಎಳೆ ಕೂರ್ಸು" ಅಂದರು.

ಎತ್ತಪ್ಪನಿಗೆ ಮಾತು ಕೊಟ್ಟಾಗಿದೆ. ಬೇರೆ ದಾರಿ ಕಾಣದಿದ್ದಕ್ಕೆ ಇದು. ಒಂದು ಕಂಬಳಿ, ಅಷ್ಟೇ.

ಜನವರಿ 29, ಬುಧವಾರ

ಎಡ ರಟ್ಟೆ ಎತ್ತಲಾಗುತ್ತಿಲ್ಲ. ಮುದ್ದೆ ತಿರುವುವಾಗ ಕಣ್ಣಲ್ಲಿ ನೀರು. ಇವರು ಇಷ್ಟು ವರ್ಷ ಹೇಗೆ ಮಾಡಿದರೋ.

ಫೆಬ್ರವರಿ 3, ಸೋಮವಾರ

ಜಗಳ. ನಾಲ್ಕು ದಿನ ನೇಯ್ದದ್ದನ್ನು ಇವತ್ತು ದೂರ ನಿಂತು ನೋಡಿದರೆ ಎರಡೂ ಅಂಚು ಒಳಕ್ಕೆ ಸೇದಿಕೊಂಡು ಕಂಬಳಿಗೆ ಸೊಂಟ ಬಂದಿದೆ. ಮದುವೆ ಹುಡುಗಿಗೆ ಸೊಂಟ ಇದ್ದರೆ ಚೆಂದ, ಗದ್ದಿಗೆಗೆ ಚೆಂದವಲ್ಲ.

"ಎಡಗೈ ಗಟ್ಟಿ ಮಾಡು ಅಂತ ಎಷ್ಟು ಸಲ ಹೇಳ್ಲಿ? ಒಂದು ಎಳೆತ ಜೋರು, ಒಂದು ಎಳೆತ ಮೆತ್ತಗೆ. ಕೇಳಿದ್ರೇ ಗೊತ್ತಾಗ್ತೈತೆ" ಅಂದರು.

"ಮಲ್ಕಂಡು ಹೇಳೋದು ಸುಲಭ!"

"ಮಲ್ಕಂಡಿರೋದೇ ನನಗೆ ಕಷ್ಟ ಕಣೇ!"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಕೂತು ಸೊಂಟ ಬಂದಷ್ಟನ್ನೂ ಎಳೆ ಎಳೆಯಾಗಿ ಬಿಚ್ಚಿದೆ. ಪೂರ್ತಿ ಬಿಚ್ಚಿದರೆ ಹಾಸಿನ ನೂಲು ಸವೆಯುತ್ತದೆ ಅಂದರು, ಕೊನೆಗೆ ಒಂದು ಗೇಣು ಹಾಗೇ ಬಿಟ್ಟೆ. ಮದುವೆ ಹತ್ತಿರವಾಗುತ್ತಿದೆ. ಎತ್ತಪ್ಪನ ಮುಖ ನೆನೆಸಿಕೊಂಡರೆ ಅನ್ನ ಇಳಿಯುವುದಿಲ್ಲ.

ಫೆಬ್ರವರಿ 6, ಗುರುವಾರ

ಇವತ್ತು ಬೀದಿಗೆ ಬೀದಿಯೇ ನಕ್ಕಿತು, ನಾನೂ ನಕ್ಕೆ.

ದ್ಯಾಮಮ್ಮಜ್ಜಿ ನೂಲು ತಂದವಳು ಬಾಗಿಲಲ್ಲೇ ನಿಂತು ನಾನು ನೇಯುವುದನ್ನು ನೋಡಿದಳು. ಎಡಗೈಲಿ ಹಗ್ಗ ಜಗ್ಗಿ ಜಗ್ಗಿ ಹಲ್ಲು ಕಚ್ಚುತ್ತಿದ್ದೆ.

"ಅಲ್ಲವ್ವ, ನೀನೂ ಎಡಚಿಯಾ?"

"ಯಾಕಜ್ಜಿ? ಮಗ್ಗಕ್ಕೆ ಎಡಗೈನೇ ಅಲ್ವಾ?"

"ಯಾವ ಸೀಮೆಯಾಗೆ? ನನ್ ಕಾಲದಾಗೆ ಈ ಬೀದಿ ತುಂಬ ಮಗ್ಗ ಇದ್ವು, ಎಲ್ರೂ ಬಲಗೈಲೇ ಎಳೆಯೋರು. ನಿನ್ ಗಂಡ ಎಡಚ. ಅವನ ಅಪ್ಪ ಉಂಬಾಗ ಎಡಗೈ ಮ್ಯಾಲೆ ಬಾರಿಸಿ ಬಾರಿಸಿ ಬಲಕ್ಕೆ ತಿರುಗಿಸ್ದ. ಮಗ್ಗದಾಗೆ ತಿರುಗ್ಸಾಕೆ ಆಗ್ಲಿಲ್ಲ. ಅವನಿಗೇ ಅಂತ ಹಗ್ಗ ಎಡಕ್ಕೆ ಕಟ್ಟಿಸ್ಕೊಟ್ಟ."

ನಾನು ಈ ಬೀದಿಗೆ ಬರುವ ಹೊತ್ತಿಗೆ ಉಳಿದವೆಲ್ಲ ನಿಂತಿದ್ದವು, ನಾನು ಕಂಡ ಮಗ್ಗ ಇದೊಂದೇ. ಇವರು ಬಲಗೈಲಿ ಉಣ್ಣುತ್ತಾರೆ, ಬಲಗೈಲಿ ಸಹಿ ಹಾಕುತ್ತಾರೆ, ಎಡಗೈಲಿ ನೇಯುತ್ತಾರೆ. ನೇಕಾರಿಕೆಯ ಪದ್ಧತಿಯೇ ಹಾಗೆ ಅಂದುಕೊಂಡು ಇಷ್ಟು ಕಾಲ ಕಳೆದಿದ್ದೇನೆ. ಮುರುಗಪ್ಪ ಪಾಪ, ನೆಪ ಹೇಳಿರಲಿಲ್ಲ.

"ನಂಗೆ ಹೇಳಬಾರದಿತ್ತಾ?" ಅಂದೆ ಇವರನ್ನು.

"ನನಗೂ ಹೊಳೀಲಿಲ್ಲ ಕಣೇ. ನಾನು ಎಂಗೆ ನೇಯ್ತೀನೋ ಅಂಗೇ ಹೇಳ್ದೆ" ಅಂದರು. ಮುಖ ಮಗುವಿನ ಹಾಗೆ ಮಾಡಿಕೊಂಡಿದ್ದರು.

ಹಗ್ಗ ಬಿಚ್ಚಿ ಬಲಕ್ಕೆ ಕಟ್ಟಬೇಕು, ನೇಯ್ದದ್ದು ಸುತ್ತುವ ಮರದ ಗೂಟವನ್ನೂ ಈ ಬದಿಗೆ ಹೊಡೆಯಬೇಕು. ಯಾವನೂ ಬಿಚ್ಚಂಗಿಲ್ಲ ಅಂದವರ ಮುಂದೆ ಹಗ್ಗ ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತೆ. ಅವರೇ, "ಗಂಟು ಹಳೇದು, ಹಲ್ಲಾಗೆ ಎಳಿ, ಬಿಡ್ತೈತೆ" ಅಂದರು. ಅಂದು ಗೋಡೆ ಕಡೆ ತಿರುಗಿಕೊಂಡರು.

ಮೊದಲ ಎಳೆತಕ್ಕೆ ಲಾಳಿ ಈ ತುದಿಯಿಂದ ಆ ತುದಿಗೆ ಓಡಿತು. ಮತ್ತೆ ಎಳೆದೆ, ವಾಪಸ್ ಬಂತು. ಅಜ್ಜಿ ಚಪ್ಪಾಳೆ ತಟ್ಟಿದಳು.

ಫೆಬ್ರವರಿ 14, ಶುಕ್ರವಾರ

ಒಂದು ಮೊಳಕ್ಕೂ ಹೆಚ್ಚು ನೇಯ್ದೆ. ಅಂಚು ನೂಲು ಹಿಡಿದಂತೆ ನೇರ.

ಹನುಮಂತಪ್ಪ ಫೋನ್ ಮಾಡಿದ್ದ. ಎತ್ತಿಕೊಳ್ಳಲು ಕೈ ಬಿಡುವಿರಲಿಲ್ಲ.

ಫೆಬ್ರವರಿ 18, ಮಂಗಳವಾರ

ಸಾರು ಹೊತ್ತಿತು. ಸಾಲಿನ ನಡುವೆ ಬಿಟ್ಟು ಏಳಲಾಗುತ್ತದೆಯೇ? ಇವರು ಕೋಲು ಊರಿಕೊಂಡು ಹೋಗಿ ಒಲೆ ಆರಿಸಿ, ಬೇರೆ ಸಾರಿಗೆ ಬೇಳೆ ಇಟ್ಟರು. ಉಪ್ಪು ಜಾಸ್ತಿ. ಚೆನ್ನಾಗಿದೆ ಅಂದೆ.

ಫೆಬ್ರವರಿ 24, ಸೋಮವಾರ

ಮುಗಿಯಿತು.

ಮಗ್ಗದಿಂದ ಕೊಯ್ಯುವ ಮುಂಚೆ ಇವರು ಹೊಸಿಲ ಮೇಲೆ ತೆಂಗಿನಕಾಯಿ ಒಡೆದರು. ಕತ್ತರಿ ಅವರ ಕೈಗೆ ಕೊಡಲು ಹೋದೆ. "ನೀನೇ ಕೊಯ್ಯಿ" ಅಂದರು. ಒಂದೊಂದೇ ಎಳೆ ಕೊಯ್ದೆ. ಕರಿ ಕಂಬಳಿ ಪೂರ್ತಿ ಬಿಚ್ಚಿ ಮಂಚದ ಮೇಲೆ ಹಾಸಿದಾಗ ಇಬ್ಬರೂ ಅಂಚು ಸವರಿ ನೋಡಿದೆವು. ನಡುವೆ ಆ ಒಂದು ಗೇಣು ಸೊಂಟ ಇದೆ. ಗೊತ್ತಿದ್ದವರಿಗೆ ಕಾಣುತ್ತದೆ. ಎತ್ತಪ್ಪ ಕಣ್ಣಿಗೊತ್ತಿಕೊಂಡು ಹೆಗಲ ಮೇಲೆ ಹಾಕಿಕೊಂಡು ಹೋದ. ಅವನ ಹಟ್ಟಿಯ ಹಿರಿಯರು ಏನನ್ನುತ್ತಾರೋ.

ಇನ್ನು ಕುಣಿ ಮುಚ್ಚಬಹುದು. ಆದರೆ ಗಿರೀಶ್ ಬಂದಿದ್ದ. ಸಂಘಕ್ಕೆ ಆಸನಗಳ ಆರ್ಡರ್ ದೊಡ್ಡದು ಬಂದಿದೆಯಂತೆ. ದ್ಯಾಮಮ್ಮಜ್ಜಿಯ ಮನೆಯಲ್ಲಿ ನೂಲು ಅಟ್ಟದವರೆಗೆ ತುಂಬಿದೆ. ಅದನ್ನಷ್ಟು ಖಾಲಿ ಮಾಡಿಕೊಟ್ಟರೆ ನನ್ನ ಗಂಟೇನು ಹೋಗುತ್ತದೆ? ಒಂದೇ ಒಂದು ಹಾಸು ಅಂದೆ. ಇವರು ಮೀಸೆಯಡಿ ನಕ್ಕ ಹಾಗಿತ್ತು. ಯಾಕೆಂದು ಕೇಳಲಿಲ್ಲ.

ಮಾರ್ಚ್ 7, ಶುಕ್ರವಾರ

ನಿನ್ನೆ ಲತಾಳ ಮದುವೆ. ಆಟೋ ಮಾಡಿಕೊಂಡು ಹಟ್ಟಿಗೆ ಹೋದೆವು. ಇವರು ಕೋಲು ಹಿಡಿದು ಇಳಿದರೆ ಗಂಡಸರೆಲ್ಲ "ಬರ್ರಿ ಮಾರಣ್ಣ, ಕುಂತ್ಕಳ್ರಿ" ಅಂತ ಕುರ್ಚಿ ಎಳೆದರು.

ಗದ್ದಿಗೆ ಹಾಕುವ ಹಿರಿಯರು ಕಂಬಳಿಯನ್ನು ಎರಡು ಕೈಲಿ ಹಿಡಿದು ಬೆಳಕಿಗೆ ಎತ್ತಿದರು. ನಾನು ಹೆಂಗಸರ ಸಾಲಿನಲ್ಲಿ ಕೂತಿದ್ದೆ. ಅವರ ಬೆರಳು ಅಂಚಿನ ಮೇಲೆ ಮೆಲ್ಲಗೆ ಜಾರುತ್ತಾ ಬಂದು, ಸರಿಯಾಗಿ ಆ ಸೊಂಟದ ಹತ್ತಿರ ನಿಂತಿತು.

"ಇದ್ರಾಗೆ ಎರಡು ಕೈ ಐತಲ್ಲ" ಅಂದರು.

ಓಲಗದವನು ಊದುವುದು ಬಿಟ್ಟು ನೋಡಿದ. ಎತ್ತಪ್ಪನ ಮುಖ ಬಿಳಿಚಿಕೊಂಡಿತು. ಹುಡುಗಿ ತಲೆ ಎತ್ತಿ ಅಪ್ಪನನ್ನು ನೋಡಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಕುಣಿಗೆ ಇಳಿಯದಿದ್ದರೆ ಈ ಮಗುವಿಗೆ ಈ ಗತಿ ಬರುತ್ತಿರಲಿಲ್ಲ.

ಇವರು ಕೋಲು ಊರಿ ಎದ್ದು ನಿಂತರು.

"ಹೌದು, ಕೈ ಎರಡು. ಮಗ್ಗ ಒಂದೇ, ಮನೆ ಒಂದೇ. ಮಧ್ಯಕ್ಕೆ ಕೊಯ್ದಿಲ್ಲ."

ಹಿರಿಯರು ಇನ್ನೊಮ್ಮೆ ಕಂಬಳಿ ನೋಡಿದರು, ಇವರನ್ನು ನೋಡಿದರು. "ಹಂಗಾದ್ರೆ ಅಡ್ಡಿಯಿಲ್ಲ" ಅಂದು ನಾಲ್ಕು ಮಡಿಕೆ ಮಾಡಿ ಹಾಸಿದರು. ಅಕ್ಕಿ ಸುರಿದರು, ಕಳಸ ಕೂತಿತು, ಓಲಗ ಮತ್ತೆ ಶುರುವಾಯಿತು.

ಆ ಹಟ್ಟಿಯಲ್ಲಿ ಗದ್ದಿಗೆ ಆದ ಮೇಲೆ ಮೊದಲ ವೀಳ್ಯ ನೇಯ್ದವರಿಗೆ. ಹಿರಿಯರು ತಟ್ಟೆಯಿಂದ ಎತ್ತಿ ಇವರ ಕಡೆ ಚಾಚಿದರು. ಇವರು ಕೈ ಒಡ್ಡಲಿಲ್ಲ. "ಮುಗಿಸಿದ ಕೈಗೆ ಕೊಡ್ರಿ" ಅಂದು ಹೆಂಗಸರ ಸಾಲಿನ ಕಡೆ ಗೋಣು ಆಡಿಸಿದರು. ಎಲ್ಲರ ಕಣ್ಣೂ ನನ್ನ ಮೇಲೆ. ದ್ಯಾಮಮ್ಮಜ್ಜಿ ಹಿಂದಿನಿಂದ ತಿವಿದಳು. ಹೋಗಿ ಸೆರಗು ಒಡ್ಡಿದೆ.

ಸುಣ್ಣ ತಾಗಿ ರೇಷ್ಮೆ ಸೀರೆಗೆ ಕಲೆಯಾಗಿದೆ. ಇವತ್ತು ಬೆಳಗ್ಗೆ ಒಗೆಯಲು ತೆಗೆದೆ. ಒಗೆಯದೆ ಮಡಚಿ ಇಟ್ಟೆ.

ಮಾರ್ಚ್ 15, ಶನಿವಾರ

ಇವತ್ತು ಹಾಸಿನ ನೂಲಿಗೆ ಗಂಜಿ ಬಳಿದೆವು. ಎಷ್ಟು ಸಂತೋಷದ ದಿನ!

ನಮ್ಮ ಬಾಗಿಲಿಂದ ಕಾಟಮ್ಮನ ಬಾಗಿಲವರೆಗೆ ಬೀದಿಯುದ್ದಕ್ಕೂ ನೂಲು ಎಳೆದು ಕಟ್ಟಿದೆವು. ಹುಣಸೆಬೀಜದ ಗಂಜಿ ಹದವಾಗಿ ಕುದಿಸಿ, ಬಿಸಿಲೇರುವ ಮುಂಚೆ ಬಳಿಯಬೇಕು. ಒಣಗಿದ ಮೇಲೆ ನೂಲು ತುಂಡಾಗುವುದಿಲ್ಲ. ಬೀದಿಯ ಹೆಂಗಸರೆಲ್ಲ ಸೆರಗು ಸಿಕ್ಕಿಸಿಕೊಂಡು ಎರಡೂ ಬದಿ ನಿಂತರು. ಇವರು ನಡುವೆ ಕುರ್ಚಿ ಹಾಕಿಸಿಕೊಂಡು "ಅಲ್ಲಿ ದಪ್ಪ ಆತು, ಇಲ್ಲಿ ತೆಳ್ಳಗಾತು" ಅಂತ ಕೂಗುತ್ತಿದ್ದರು. ಯಾರೂ ಕೇಳಲಿಲ್ಲ. ಕಾಟಮ್ಮನ ಮೇಕೆ ಕಟ್ಟು ಬಿಚ್ಚಿಕೊಂಡು ಬಂದು ಅರ್ಧ ಮಾರು ಗಂಜಿ ನೆಕ್ಕಿ ಹೋಯಿತು.

"ಅದು ನೆಕ್ಕಿದ ಗಂಜಿ ದುಡ್ಡು ಹಾಲಾಗೆ ಮುರ್‍ಕಳವ್ವ" ಅಂದಳು ಅಜ್ಜಿ.

ಧರ್ಮಪುರದ ಬಸ್ಸಿಗೆ ಹೋಗುವವರು ನೂಲಿನ ಕೆಳಗೆ ಬಗ್ಗಿಕೊಂಡು ಹೋದರು. ಒಬ್ಬರೂ ಬೈಯಲಿಲ್ಲ. ಎತ್ತಪ್ಪ ಹೊಸ ಉಣ್ಣೆ ಮೂಟೆ ಇಳಿಸಿದ. ಅವನ ಹಟ್ಟಿಯವರು ಈ ಸಲ ಕತ್ತರಿಸಿದ ಉಣ್ಣೆಯನ್ನು ಕೊಳ್ಳುವವರಿಲ್ಲವೆಂದು ಹಳ್ಳಕ್ಕೆ ಸುರಿದಿಲ್ಲವಂತೆ, ಎಲ್ಲರದ್ದೂ ಕೂಡಿಸಿ ಇಟ್ಟಿದ್ದಾರಂತೆ. ಕಾಟಮ್ಮನ ಸೊಸೆ ರೋಜಾ ರಾಟೆ ಕಲಿಯುತ್ತೇನೆ ಅಂದಳು. ಕಲಿಸುತ್ತೇನೆ, ಆದರೆ ನೂಲಿನ ಮುಂದೆ ಮೊಬೈಲ್ ಹಿಡಿದರೆ ಕಿವಿ ಹಿಂಡುತ್ತೇನೆ ಅಂದೆ.

ಟೈಲ್ಸ್ ಡಬ್ಬಗಳ ಮೇಲೆ ಗಂಜಿ ಪಾತ್ರೆ ಇಟ್ಟಿದ್ದೆವು. ಎತ್ತರ ಸರಿಯಾಗಿದೆ.

ಮಾರ್ಚ್ 26, ಬುಧವಾರ

ಹನುಮಂತಪ್ಪ ಬಾಗಿಲಿಗೇ ಬಂದುಬಿಟ್ಟ. ಅವನಿಗೆ ಈಗ ಬಿಡುವಾಗಿದೆಯಂತೆ. ನನಗೆ ಬಿಡುವಿದೆಯೇ ಅಂತ ಕೇಳಬೇಡವೇ? ಯುಗಾದಿ ಕಳೆದ ಮೇಲೆ ಬಾ ಅಂತ ಕಳಿಸಿದೆ. ಜನಕ್ಕೆ ಹೊತ್ತುಗೊತ್ತು ಇಲ್ಲ.

ಏಪ್ರಿಲ್ 2, ಬುಧವಾರ

ಡಾಕ್ಟರು ಇವರ ಮಂಡಿ ಒತ್ತಿ ನೋಡಿ, ಪರವಾಗಿಲ್ಲ, ದಿನಕ್ಕೆ ಒಂದಿಷ್ಟು ಹೊತ್ತು ಬೇಕಾದರೆ ಕೂತು ನೋಡಿ ಅಂದಿದ್ದಾರೆ. ನಿನ್ನೆ ಸಂಜೆಯಿಂದ ಇವರ ಮುಖದಲ್ಲಿ ಹಬ್ಬ. ನನಗೂ ಸಂತೋಷವೇ. ಆದರೆ ಬೆಳಗ್ಗೆ ಎದ್ದವಳೇ ಕುಣಿಯ ಸುತ್ತ ಎರಡು ಸಲ ಗುಡಿಸಿದೆ. ಹಬ್ಬ ಕಳೆದರೂ ಕಸ ಮುಗಿಯುವುದಿಲ್ಲ.

ಕಾಫಿ ಕುಡಿದು ಇವರು ಕುಣಿಯ ಅಂಚಿಗೆ ಹೋಗಿ, ಗೋಡೆ ಹಿಡಿದು ಮೆಲ್ಲಗೆ ಇಳಿದರು. ಹಣಿಗೆಯನ್ನು ಸವರಿದರು. ಎಡಗೈ ತಾನಾಗಿ ಮೇಲೆ ಹೋಗಿ ಹಗ್ಗ ಹುಡುಕಿತು. ಅಲ್ಲಿ ಇರಲಿಲ್ಲ. ಗಾಳಿಯಲ್ಲೇ ಎರಡು ಸಲ ತಡಕಾಡಿತು.

"ತಡೀರಿ, ಆ ಕಡೆ ಕಟ್ಟಿಕೊಡ್ತೀನಿ. ಎಷ್ಟೊತ್ತಿನ ಕೆಲ್ಸ" ಅಂದೆ. ಅಂದೆನೇ ಹೊರತು ನಿಂತಲ್ಲಿಂದ ಅಲುಗಲಿಲ್ಲ.

ಅವರು ನೇಯ್ದಿದ್ದ ಆಸನವನ್ನು ನೋಡುತ್ತಾ ಕೂತರು. ಕರಿಯ ನಡುವೆ ಬಿಳಿ ಉಣ್ಣೆಯ ಎರಡು ಪಟ್ಟೆ ಹಾಕಿದ್ದೆ, ನನಗೇ ತೋಚಿ. ಬೆರಳಿನಿಂದ ಪಟ್ಟೆಯ ಮೇಲೆ ಗೀರು ಎಳೆದರು.

"ಇದನ್ನ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ."

"ಹೂಂ" ಅಂದು ಗೋಡೆ ಹಿಡಿದು ಮೇಲೆದ್ದರು. "ಹಗ್ಗ ಅಲ್ಲೇ ಇರ್ಲಿ. ನನ್ ಮಂಡಿ ಇಲ್ಲಿ ಬಾಳ ದಿನ ಬರಂಗಿಲ್ಲ. ನಂಗೆ ಕಂಡಿಕೆ ಕೊಡು, ಸುತ್ತುತೀನಿ."

ಹೊರಗೆ ಜಗಲಿಯ ಮೇಲೆ ದ್ಯಾಮಮ್ಮಜ್ಜಿಯ ಪಕ್ಕ ಹೋಗಿ ಕೂತರು. ಎಡಗೈಯಲ್ಲಿ ರಾಟೆ ತಿರುಗಿಸಿದರು.

"ಬಾರಪ್ಪ ಮಾರಪ್ಪ, ಬಂದ್ಯಾ ನಮ್ ಸಾಲಿಗೆ!" ಅಂತ ಅಜ್ಜಿ ಕಿಚಾಯಿಸಿದಳು.

"ಬಂದೆ ಕಣಜ್ಜಿ. ಹೊಸಬ, ಸ್ವಲ್ಪ ನೋಡ್ಕ" ಅಂದರು. ಇಬ್ಬರೂ ನಕ್ಕರು. ಅವರು ಅಷ್ಟು ಹಗುರವಾಗಿ ನಕ್ಕದ್ದು ಕೇಳಿ ತುಂಬ ದಿನವಾಗಿತ್ತು.

ನಾನು ಕೂತು ಎರಡು ಸಾಲು ಹಾಕಿರಬಹುದು, ಹನುಮಂತಪ್ಪ ಟ್ರ್ಯಾಕ್ಟರಿನಲ್ಲಿ ಮಣ್ಣು ತುಂಬಿಕೊಂಡು ಬಂದ. ಕುಣಿ ತುಂಬಿಸಲಿಕ್ಕಂತೆ. ಹಿಂದೆ ಗಿರೀಶ್ ಬೇರೆ, ಆಸನ ಒಯ್ಯಲು ಬಂದಿದ್ದ. ಎತ್ತಪ್ಪನೂ ಬೇವಿನ ಮರದ ಕೆಳಗಿದ್ದ. ಹನುಮಂತಪ್ಪ ಸನಿಕೆ ಹಿಡಿದು ಒಳಗೆ ಬಂದು, ನನ್ನ ತಲೆಯ ಮೇಲೆ ನಿಂತು, "ಏಳಕ್ಕ, ಮುಚ್ಚಿಬಿಡಾಣ" ಅಂದ.

"ತಲೆ ಕೆಟ್ಟೈತೇನಪ್ಪ ನಿಂಗೆ?" ಅಂದೆ. "ಇದನ್ನ ಮುಚ್ಚಿದ್ರೆ ನಾನೆಲ್ಲಿ ಕುಂತ್ಕಳ್ಲಿ?"

ಜಗಲಿಯ ಮೇಲೆ ರಾಟೆ ನಿಂತಿ‌ತು. ಆಮೇಲೆ ಇವರು ನಗಲು ಶುರು ಮಾಡಿದರು, ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕಳು, ಎತ್ತಪ್ಪ ಟವೆಲ್‌ನಿಂದ ಕಣ್ಣು ಒರೆಸಿಕೊಂಡ. ಗಿರೀಶನಂತೂ ಬೈಕಿಗೆ ಒರಗಿಕೊಂಡ.

ನಾನು ನಗುವಂಥದ್ದೇನು ಹೇಳಿದೆನೋ ಗೊತ್ತಾಗಲಿಲ್ಲ. ಕುಣಿ ಬಿಟ್ಟು ಸುತ್ತಲೂ ಟೈಲ್ಸ್ ಹಾಕಲು ಹೇಳಿದ್ದೇನೆ. ಬಳ್ಳಿ ಇರುವುದೆಲ್ಲ ಕುಣಿಯ ಅಂಚಿಗೇ ಬರಬೇಕು ಅಂದಿದ್ದೇನೆ. ನಾಳೆ ಬೆಳಗ್ಗೆಯೇ ಬರುತ್ತಾನಂತೆ.